ಫೈರ್‌ರೆಡ್‌ಗೆ ಟೀಮ್: ಆರೂ ಬೇಕಾ, ನಾಲ್ಕು ಸಾಕಾ?

ಕೆಂಪು_ಕ್ಯಾಟ್ರಿಜ್
ಗೇಮ್‌ಬಾಯ್ ಆಟ ಪೋಕೆಮಾನ್ ಫೈರ್‌ರೆಡ್ ಮತ್ತೆ ಮೊದಲಿಂದ, ಹೊಸ ಸೇವ್ ಶುರು ಮಾಡ್ತಿದೀನಿ. ಟ್ರೇಡ್‌ಗೆ ಇನ್ನೊಂದು ಗೇಮ್‌ಬಾಯ್ ಇಲ್ಲ. ಹುಲ್ಲಲ್ಲಿ ಗಂಟೆಗಟ್ಟಲೆ ಸುತ್ತಿ ಲೆವೆಲ್ ಏರಿಸೋ ತಾಳ್ಮೆನೂ ಇಲ್ಲ. ಎಲೀಟ್ ಫೋರ್ (ಕೊನೆಯ ನಾಲ್ವರು ಎದುರಾಳಿಗಳು: ಲೊರೆಲೈ, ಬ್ರೂನೋ, ಅಗಾಥಾ, ಲ್ಯಾನ್ಸ್) ದಾಟಿ ಚಾಂಪಿಯನ್‌ನ ಸೋಲಿಸಿದ್ರೆ ಸಾಕು.

ಪ್ಲಾನ್: ಚಾರಿಜಾರ್ಡ್, ಪಿಜಟ್, ರೈಚು, ಗ್ಯಾರಡೋಸ್, ಹಿಟ್‌ಮೊಂಚಾನ್ (ಬೆಂಕಿ, ಐಸ್, ಕರೆಂಟ್ ಮೂರೂ ಪಂಚ್ ಕಲಿಯುತ್ತಲ್ಲ), ಡ್ರಾಗನೈಟ್. ಎಲ್ಲ ಟೈಪಿಗೂ ಉತ್ತರ ಇದೆ ಅನ್ಸುತ್ತೆ. ಎಲ್ಲಿ ಎಡವಟ್ಟಾಗಿದೆ ಹೇಳಿ.

ಸುಮ್ನೆ_ನೋಡ್ತಿದ್ದೆ
ಪಿಜಟ್ ಒಂದು ಬಿಟ್ಟು ಉಳಿದದ್ದೆಲ್ಲ ಎಡವಟ್ಟು. ಸಾರಿ ಗುರು.

ಲೆಕ್ಕದ_ಮೇಷ್ಟ್ರು
ಮೊದಲು ಹಿಟ್‌ಮೊಂಚಾನ್ ವಿಷಯ ಮುಗಿಸೋಣ. ಫೈರ್‌ರೆಡ್ 2004ರ ಆಟ, ಅಂದ್ರೆ ಮೂರನೇ ಜನರೇಶನ್. ಒಂದು ಮೂವ್ (ಪೋಕೆಮಾನ್ ಬಳಸೋ ವಿದ್ಯೆ) ಫಿಸಿಕಲ್ಲೋ ಸ್ಪೆಷಲ್ಲೋ (ಎರಡಕ್ಕೂ ಬೇರೆ ಬೇರೆ ಅಟ್ಯಾಕ್, ಡಿಫೆನ್ಸ್ ಅಂಕಿ) ಅನ್ನೋದನ್ನ ಇಲ್ಲಿ ಆ ಮೂವ್ ನಿರ್ಧರಿಸಲ್ಲ, ಅದರ ಟೈಪ್ ನಿರ್ಧರಿಸುತ್ತೆ. ಬೆಂಕಿ, ನೀರು, ಹುಲ್ಲು, ಎಲೆಕ್ಟ್ರಿಕ್, ಐಸ್, ಸೈಕಿಕ್, ಡ್ರಾಗನ್, ಡಾರ್ಕ್ ಎಲ್ಲ ಸ್ಪೆಷಲ್. ಉಳಿದವೆಲ್ಲ ಫಿಸಿಕಲ್. ಹಿಟ್‌ಮೊಂಚಾನ್‌ನ ಅಟ್ಯಾಕ್ 105, ಸ್ಪೆಷಲ್ ಅಟ್ಯಾಕ್ ಬರೀ 35. ನಿಮ್ಮ ಮೂರು ಪಂಚೂ ಓಡೋದು ಆ 35ರ ಮೇಲೆ. ಹೆಸರಲ್ಲಿ ಪಂಚ್ ಅಂತಿದೆ ಅಷ್ಟೆ, ಹೊಡೆತ ಮಾತ್ರ ಹೂವಿನ ಎಸಳು.

ಗ್ಯಾರಡೋಸ್ ಕಥೆನೂ ಅದೇ. ಅಟ್ಯಾಕ್ 125, ಸ್ಪೆಷಲ್ 60. ನೀರಿನ ಮೂವ್ ಸ್ಪೆಷಲ್ ಆದ್ದರಿಂದ ಸರ್ಫ್ ಕೊಟ್ಟರೂ ಸಪ್ಪೆ. ಫ್ಲೈಯಿಂಗ್ ಟೈಪ್ ಆಗಿದ್ದೂ ಫ್ಲೈ ಕಲಿಯಲ್ಲ.

ಕುಡ್ಲದ_ಮ್ಯಾಜಿಕಾರ್ಪ್
ಗ್ಯಾರಡೋಸ್‌ನ ಅಷ್ಟು ಬೈಬೇಡಿ ಮಾರಾಯ್ರೆ. ರೂಟ್ 4ರ ಪೋಕೆಮಾನ್ ಸೆಂಟರ್‌ನಲ್ಲಿ ಅದರ ಮೊದಲ ರೂಪ ಮ್ಯಾಜಿಕಾರ್ಪ್ 500ಕ್ಕೆ ಸಿಗ್ತದೆ, ಲೆವೆಲ್ 20ಕ್ಕೆ ಗ್ಯಾರಡೋಸ್ ಆಗ್ತದೆ, 25ಕ್ಕೆ ಡ್ರಾಗನ್ ರೇಜ್ ಕಲೀತದೆ. ಅದು ಎದುರಿನವನ ಡಿಫೆನ್ಸ್ ಎಷ್ಟಿದ್ದರೂ ನೇರ 40 ಎಚ್‌ಪಿ (ಜೀವದ ಅಂಕ) ಕತ್ತರಿಸ್ತದೆ. ಆ ಹೊತ್ತಿಗೆ ಎದುರಾಳಿಗಳ ಎಚ್‌ಪಿಯೇ 60ರ ಆಚೀಚೆ. ಆಟದ ಮಧ್ಯಭಾಗಕ್ಕೆ ಅದು ಧಾರಾಳ ಉಂಟು.

ಲೆಕ್ಕದ_ಮೇಷ್ಟ್ರು
ಮಧ್ಯಭಾಗಕ್ಕೆ ಒಪ್ಪಿದೆ. ಆದರೆ ಅದನ್ನ 5ರಿಂದ 20ರವರೆಗೆ ಹೊತ್ತುಕೊಂಡು ಹೋಗೋದು ಯಾರು? ಬರೀ ಸ್ಪ್ಲ್ಯಾಶ್ ಇಟ್ಕೊಂಡು 15ರವರೆಗೆ ಕಾಯಬೇಕು, ಆಗ ಸಿಗೋದೂ ಟ್ಯಾಕಲ್. ಪ್ರತಿ ಫೈಟಲ್ಲೂ ಮುಂದೆ ನಿಲ್ಲಿಸಿ ಹಿಂದಕ್ಕೆ ಕರೆದರೆ ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ಅರ್ಧರ್ಧ ಹಂಚಿಹೋಗುತ್ತೆ. ತಾಳ್ಮೆ ಇಲ್ಲ ಅಂತ ಮೊದಲನೇ ಪೋಸ್ಟಲ್ಲೇ ಬರೆದಿದ್ದಾರಲ್ಲ.

ಹುಬ್ಳಿ_ಟ್ರೇನರ್
ಡ್ರಾಗನೈಟ್ ಬಗ್ಗೆ ಯಾರೂ ಮಾತಾಡವಲ್ರಿ? ಡ್ರಾಗನೇರ್ 55ಕ್ಕ ಡ್ರಾಗನೈಟ್ ಆಗ್ತೈತಿ. ಲ್ಯಾನ್ಸ್ ಮುಂದ ನಿಲ್ಲೂತನಕ ನಿಮ್ಮ ಟೀಮೇ 55 ಮುಟ್ಟಿರೂದಿಲ್ಲ. ಆಟ ಮುಗದ ಮ್ಯಾಲೆ ಬರೂ ಬೀಗರ ಕಟಗೊಂಡು ಏನ್ ಮಾಡ್ತೀರಿ? ಮ್ಯಾಲಿಂದ ಗೇಮ್ ಕಾರ್ನರ್‌ನ್ಯಾಗ ಅದರ ಮೊದಲ ರೂಪ ಡ್ರಾಟಿನಿಗೆ 2800 ಕಾಯಿನ್ ಸುರೀಬೇಕು.

ಲೆಕ್ಕದ_ಮೇಷ್ಟ್ರು
ಹುಬ್ಳಿಯವರು ಹೇಳಿದ್ದಕ್ಕೆ ಅಂಕಿ ಸೇರಿಸ್ತೀನಿ. ಎಲ್ಲ ಪೋಕೆಮಾನೂ ಒಂದೇ ವೇಗದಲ್ಲಿ ಬೆಳೆಯಲ್ಲ. ಲೆವೆಲ್ 50 ಮುಟ್ಟೋಕೆ ಒಟ್ಟು ಬೇಕಾದ ಎಕ್ಸ್‌ಪಿ ನೋಡಿ.

ಮೂರೂ ಸ್ಟಾರ್ಟರ್ (ಆಟದ ಶುರುವಲ್ಲಿ ಆರಿಸ್ಕೊಳ್ಳೋ ಬಲ್ಬಸಾರ್, ಸ್ಕ್ವಿರ್ಟಲ್, ಚಾರ್ಮಾಂಡರ್), ನಿಡೋಕಿಂಗ್, ಕಡಾಬ್ರಾ: 1,17,360
ಡಗ್‌ಟ್ರಿಯೋ, ಜೋಲ್ಟಿಯಾನ್, ರೈಚು: 1,25,000
ಗ್ಯಾರಡೋಸ್, ಡ್ರಾಗನೈಟ್, ಸ್ನೋರ್ಲ್ಯಾಕ್ಸ್, ಲ್ಯಾಪ್ರಾಸ್: 1,56,250

ಈಗ ಅಸಲಿ ವಿಷಯ. ಮೊದಲ ಗುಂಪಿನ ನಾಲ್ಕು ಪೋಕೆಮಾನ್ 50 ಮುಟ್ಟಿದ್ರೆ ಒಟ್ಟು 4,69,440 ಆಯ್ತು. ಅದೇ ಎಕ್ಸ್‌ಪಿನ ಆರಕ್ಕೆ ಹಂಚಿದ್ರೆ ಒಂದೊಂದೂ 44ಕ್ಕೆ ನಿಲ್ಲುತ್ತೆ. ಮೂರಕ್ಕೇ ಕೊಟ್ಟರೆ 54. ಲೊರೆಲೈಯ ಮೊದಲ ಪೋಕೆಮಾನೇ 52. ಚಾಂಪಿಯನ್‌ನ ಸ್ಟಾರ್ಟರ್ 63. ಆರೂ ಜಾಗಕ್ಕೆ ಫೈಟರ್ ತುಂಬಿಸಿದವರು ಕೊನೆಗೆ ವಿಕ್ಟರಿ ರೋಡಲ್ಲಿ (ಎಲೀಟ್ ಫೋರ್‌ಗೆ ಮುಂಚಿನ ಗುಹೆ) ಕೂತು ಗ್ರೈಂಡ್ ಮಾಡೋದು ಇದೇ ಕಾರಣಕ್ಕೆ. ಹೊಡೆದಾಡೋಕೆ ಮೂರ್ನಾಲ್ಕು, ಉಳಿದದ್ದು ದಾರಿ ಬಿಡಿಸೋ ಕೂಲಿ ಕೆಲಸಕ್ಕೆ.

ಕೆಂಪು_ಕ್ಯಾಟ್ರಿಜ್
ಓಹ್, 44ಕ್ಕೂ 50ಕ್ಕೂ ಇಷ್ಟೊಂದು ವ್ಯತ್ಯಾಸ ಬರುತ್ತೆ ಅಂತ ಗೊತ್ತಿರಲಿಲ್ಲ. ಸರಿ, ಎಲ್ಲ ಅಳಿಸಿದೆ. ಸ್ಟಾರ್ಟರ್‌ನಿಂದ ಹೇಳಿ.

ಬಲ್ಬಸಾರ್_ಪಕ್ಷ
ಬಲ್ಬಸಾರ್. ಪ್ರಶ್ನೆನೇ ಇಲ್ಲ.

ಮೊದಲ ಜಿಮ್ (ಬ್ಯಾಡ್ಜ್ ಗೆಲ್ಲೋ ಅಖಾಡ) ನಡೆಸೋ ಬ್ರಾಕ್‌ನ ಜಿಯೋಡ್ಯೂಡ್ 12, ಓನಿಕ್ಸ್ 14. ಎರಡೂ ಕಲ್ಲು ಮತ್ತು ನೆಲ, ಹುಲ್ಲಿಗೆ ನಾಲ್ಕು ಪಟ್ಟು ಏಟು. 10ಕ್ಕೆ ವೈನ್ ವಿಪ್ ಬಂದ ತಕ್ಷಣ ಜಿಮ್‌ಗೆ ನುಗ್ಗಬಹುದು. ಎರಡನೇ ಜಿಮ್‌ನ ಮಿಸ್ಟಿಯ ಸ್ಟಾರ್ಮಿ 21, ಅದೂ ಹುಲ್ಲಿಗೆ ಬಗ್ಗುತ್ತೆ. ಸ್ಟಾರ್ಮಿ ಸೈಕಿಕ್ ಟೈಪ್, ಬಲ್ಬಸಾರ್ ಬೆಳೆದ ಐವಿಸಾರ್ ಪಾಯ್ಸನ್, ಸಾಯುತ್ತೆ ಅಂತ ಹೆದರೋರಿಗೆ: ಆ ಸ್ಟಾರ್ಮಿ ಹತ್ರ ಒಂದೇ ಒಂದು ಸೈಕಿಕ್ ಮೂವ್ ಇಲ್ಲ. ವಾಟರ್ ಪಲ್ಸ್, ಸ್ವಿಫ್ಟ್, ರ‍್ಯಾಪಿಡ್ ಸ್ಪಿನ್, ರಿಕವರ್ ಅಷ್ಟೆ. ಮೂರನೇ ಜಿಮ್‌ನ ಸರ್ಜ್‌ನ ಕರೆಂಟೂ ಹುಲ್ಲಿಗೆ ಅರ್ಧ. 15ಕ್ಕೆ ಸ್ಲೀಪ್ ಪೌಡರ್ ಬರುತ್ತೆ, ಅದು ಕಾಡು ಪೋಕೆಮಾನ್ ಹಿಡಿಯೋ ಕೆಲಸಕ್ಕೂ ಆಗುತ್ತೆ.

ಆಮೆ_ನಡಿಗೆ
ಮೊದಲ ಮೂರು ಜಿಮ್ ಲೆಕ್ಕ ಹಾಕಿ ಸುಮ್ಮನಾಗ್ತೀರಿ ನೀವು. ಆಮೇಲಿನ ಜಿಮ್‌ಗಳು? ಎರಿಕಾ ಹತ್ರ ಹುಲ್ಲಿನ ಮೂವ್ ಕೆಲಸಕ್ಕೆ ಬರಲ್ಲ, ಕೋಗಾ ಹತ್ರ ಬರಲ್ಲ, ಬ್ಲೇನ್ ಹತ್ರ ಓಡಬೇಕು, ಚಾಂಪಿಯನ್ ಹತ್ರ ಚಾರಿಜಾರ್ಡ್ ಕೂತಿರುತ್ತೆ. ಸ್ಕ್ವಿರ್ಟಲ್‌ಗೆ ಬ್ರಾಕೂ ಸುಲಭ. 7ಕ್ಕೆ ಬಬಲ್, 13ಕ್ಕೆ ವಾಟರ್ ಗನ್, ನಾಲ್ಕು ಪಟ್ಟು ಏಟು ನೀರಿಗೂ ಇದೆ. ಬ್ಲೇನ್ ಪೂರ್ತಿ ನಿಮ್ಮದು. ಜಿಯೋವಾನಿ ಪೂರ್ತಿ ನಿಮ್ಮದು, ಅವನ ನಿಡೋಕ್ವೀನ್, ನಿಡೋಕಿಂಗ್ ಮೇಲೆ ಹುಲ್ಲಿಗೆ ಮಾಮೂಲಿ ಏಟು, ನೀರಿಗೆ ಎರಡು ಪಟ್ಟು. ಎಲ್ಲಕ್ಕಿಂತ ಮುಖ್ಯ, ನೀರು ದಾಟಿಸೋ ಸರ್ಫ್ ಹೇಗಿದ್ದರೂ ಯಾರಿಗಾದರೂ ಕಲಿಸಲೇಬೇಕು. ಸ್ಕ್ವಿರ್ಟಲ್‌ನ ಕೊನೆ ರೂಪ ಬ್ಲಾಸ್ಟಾಯ್ಸ್‌ಗೆ ಅದು ದಾರಿಗೂ ಆಯ್ತು, 95 ಪವರ್‌ನ ಆಯುಧವೂ ಆಯ್ತು.

ಬಲ್ಬಸಾರ್_ಪಕ್ಷ
ಮಿಸ್ಟಿ ಮುಂದೆ ಏನ್ ಮಾಡ್ತೀರಿ ಅಂತ ಬರೀಲೇ ಇಲ್ಲವಲ್ಲ ಸಾರ್? 😄

ಆಮೆ_ನಡಿಗೆ
ಫೈರ್‌ರೆಡ್‌ನಲ್ಲಿ ರೂಟ್ 24ರಲ್ಲೇ ಹುಲ್ಲಿನ ಟೈಪಿನ ಆಡಿಶ್ ಸಿಗುತ್ತೆ. ಒಂದು ಹಿಡಿದು ನಿಲ್ಲಿಸಿ, ಫೈಟ್ ಮುಗಿದ ಮೇಲೆ ಬಾಕ್ಸ್‌ಗೆ ಹಾಕಿ.

ಸುಮ್ನೆ_ನೋಡ್ತಿದ್ದೆ
ಚಾರ್ಮಾಂಡರ್‌ಗೆ 13ಕ್ಕೆ ಮೆಟಲ್ ಕ್ಲಾ ಬರುತ್ತಲ್ಲ? ಅದಕ್ಕೆ ತಾನೆ ಕೊಟ್ಟಿರೋದು, ಬ್ರಾಕ್‌ಗೋಸ್ಕರ.

ಲೆಕ್ಕದ_ಮೇಷ್ಟ್ರು
ಹೌದು, ಆದರೆ ತಮಾಷೆ ನೋಡಿ. ಮೆಟಲ್ ಕ್ಲಾ ಫಿಸಿಕಲ್, ಓನಿಕ್ಸ್‌ನ ಡಿಫೆನ್ಸ್ 160. ಬೆಂಕಿಯ ಎಂಬರ್ ಸ್ಪೆಷಲ್, ಓನಿಕ್ಸ್‌ನ ಸ್ಪೆಷಲ್ ಡಿಫೆನ್ಸ್ 45. ಎಂಬರ್ ಅರ್ಧಕ್ಕೆ ಇಳಿದರೂ, ಮೆಟಲ್ ಕ್ಲಾ ಎರಡು ಪಟ್ಟಾದರೂ, ಲೆವೆಲ್ 14ರಲ್ಲಿ ಓನಿಕ್ಸ್ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಏಟು. ಜಿಯೋಡ್ಯೂಡ್ ಮೇಲೆ ಮಾತ್ರ ಮೆಟಲ್ ಕ್ಲಾ ವಾಸಿ. ಅಷ್ಟರಲ್ಲಿ ಓನಿಕ್ಸ್ ರಾಕ್ ಟೂಂಬ್ ಹಾಕಿ ಸ್ಪೀಡೂ ಇಳಿಸಿರುತ್ತೆ.

ಹುಬ್ಳಿ_ಟ್ರೇನರ್
ಚಾರ್ಮಾಂಡರ್ ಬೇಕss ಬೇಕು ಅನ್ನಾವ್ರು ರೂಟ್ 22ರಾಗ ಮ್ಯಾಂಕಿ ಹಿಡೀರಿ. ಲೋ ಕಿಕ್ ಈ ಆಟದಾಗ ಎದುರಿನವನ ತೂಕದ ಮ್ಯಾಲೆ ನಡೀತೈತಿ. ಓನಿಕ್ಸ್ 210 ಕೆಜಿ, ಅಂದ್ರ ಪವರ್ 120. ಜಿಯೋಡ್ಯೂಡ್ 20 ಕೆಜಿ, ಬರೇ 40. ದಪ್ಪನಾಂವಗ ಜೋರ ಬೀಳ್ತೈತಿ.

ಬಟರ್‌ಫ್ರೀ ಹಿಡದ್ರೂ ಆಗ್ತೈತಿ, 10ಕ್ಕ ಕನ್‌ಫ್ಯೂಶನ್ ಬರ್ತೈತಿ. ಆದ್ರ ಅದಕ್ಕ ಕಲ್ಲಿನ ಏಟು ನಾಕು ಪಟ್ಟು. ಒಂದು ರಾಕ್ ಟೂಂಬ್ ಬಿತ್ತು, ಚಿಟ್ಟಿ ಮನಿಗೆ ಹೋತು.

ಮೂನ್_ಸ್ಟೋನ್
ಸ್ಟಾರ್ಟರ್ ಯಾವುದಾದರೂ ಇರಲಿ, ಎರಡನೇ ಜಾಗ ನಿಡೋಕಿಂಗ್‌ಗೆ. ಈ ಆಟದಲ್ಲಿ ಇದಕ್ಕಿಂತ ಬೇಗ ಪೂರ್ತಿ ಬೆಳೆಯೋ ಪೋಕೆಮಾನ್ ಕಡಿಮೆ. ರೂಟ್ 3ರಲ್ಲಿ ಗಂಡು ನಿಡೊರಾನ್ ಹಿಡಿಯಿರಿ. 16ಕ್ಕೆ ನಿಡೊರಿನೋ ಆಗುತ್ತೆ. ಮೌಂಟ್ ಮೂನ್ ಒಳಗೆ ಮೂನ್ ಸ್ಟೋನ್ ಬಿದ್ದಿರುತ್ತೆ, ತಗೊಂಡು ಕೊಟ್ಟರೆ ಅಲ್ಲೇ ನಿಡೋಕಿಂಗ್. ಎರಡನೇ ಬ್ಯಾಡ್ಜ್‌ಗೆ ಮುಂಚೆ ಕೊನೆ ರೂಪ ಕೈಯಲ್ಲಿರುತ್ತೆ. ಆ ಹೊತ್ತಿಗೆ ಚಾರ್ಮಾಂಡರ್ ಇಟ್ಕೊಂಡೋರು ಚಾರ್ಮೆಲಿಯನ್ ಕಾಯ್ತಾ ಇರ್ತಾರೆ.

ಸೆರೂಲಿಯನ್‌ನಲ್ಲಿ ರಾಕೆಟ್ ಗ್ಯಾಂಗಿನವನನ್ನ ಸೋಲಿಸಿದರೆ ಟಿಎಂ (ಮೂವ್ ಕಲಿಸೋ ವಸ್ತು) 28 ಡಿಗ್ ಸಿಗುತ್ತೆ, ಅದನ್ನ ಇದಕ್ಕೇ ಕೊಡಿ. ನೆಲದ ಟೈಪ್ ಆದ್ದರಿಂದ ಸರ್ಜ್‌ನ ಕರೆಂಟ್ ತಾಗೋದೇ ಇಲ್ಲ. 20 ದಾಟಿದ ಮೇಲೆ ಥ್ರ್ಯಾಶ್ ಕಲಿಯುತ್ತೆ, ಕೊನೇ ಜಿಮ್ ಗೆದ್ದರೆ ಜಿಯೋವಾನಿಯೇ ಅರ್ತ್‌ಕ್ವೇಕ್ ಟಿಎಂ ಕೈಗಿಡ್ತಾನೆ. ಸರ್ಫ್, ಸ್ಟ್ರೆಂತ್ ಕೂಡ ಕಲಿಯುತ್ತೆ. ಬಲ್ಬಸಾರ್ ತಗೊಂಡೋರಿಗೆ ಸರ್ಫ್ ಸಮಸ್ಯೆನೂ ಇಲ್ಲಿಗೆ ಮುಗೀತು.

ರೂಟ್_ಹನ್ನೊಂದು
ಸರ್ಜ್‌ಗೆ ಡಿಗ್ಲೆಟ್ ಸಾಕಲ್ವಾ? ವರ್ಮಿಲಿಯನ್ ಪಕ್ಕದಲ್ಲೇ ಗುಹೆ, ಅದೃಷ್ಟ ಇದ್ದರೆ ನೇರ ಡಗ್‌ಟ್ರಿಯೋನೇ ಸಿಗುತ್ತೆ. ಸ್ಪೀಡ್ 120.

ಮೂನ್_ಸ್ಟೋನ್
ಸಾಕು. ಆದರೆ ಡಿಗ್ಲೆಟ್‌ನ ಬೇಸ್ ಎಚ್‌ಪಿ 10 ಮಾತ್ರ, ಲೆವೆಲ್ 22ರಲ್ಲಿ 40ರ ಆಸುಪಾಸು ಇರುತ್ತೆ. ಸರ್ಜ್‌ನ ವೋಲ್ಟಾರ್ಬ್ ಹತ್ರ ಸೋನಿಕ್‌ಬೂಮ್ ಇದೆ, ಅದು ನಾರ್ಮಲ್ ಟೈಪ್, ನೇರ 20 ಕತ್ತರಿಸುತ್ತೆ. ಎರಡು ಬಿದ್ದರೆ ಕಥೆ ಮುಗೀತು. ವೋಲ್ಟಾರ್ಬ್ ಸ್ಪೀಡೂ ಕಮ್ಮಿ ಇಲ್ಲ. ನಿಡೋಕಿಂಗ್ ಇದ್ದಮೇಲೆ ಒಂದು ಜಿಮ್‌ಗೋಸ್ಕರ ಇನ್ನೊಂದು ನೆಲದ ಪೋಕೆಮಾನ್ ಯಾಕೆ?

ಕೆಂಪು_ಕ್ಯಾಟ್ರಿಜ್
ನಿಡೋಕಿಂಗ್ ಓಕೆ. ನೆಲದ ಮೂವ್ ಇದ್ರೆ ಕೋಗಾ, ಅಗಾಥಾ ಇಬ್ರೂ ಪಾಯ್ಸನ್ ಅಲ್ವಾ, ಅವರನ್ನೂ ಅದರಲ್ಲೇ ಮುಗಿಸಬಹುದಾ?

ಲೆಕ್ಕದ_ಮೇಷ್ಟ್ರು
ಎಲ್ಲರೂ ಬೀಳೋ ಹಳ್ಳ ಇದು. ಕೋಗಾ ಹತ್ರ ಕಾಫಿಂಗ್ ಎರಡು, ಮಕ್, ವೀಜಿಂಗ್. ಕಾಫಿಂಗ್, ವೀಜಿಂಗ್‌ಗೆ ಲೆವಿಟೇಟ್ ಇದೆ, ನೆಲದ ಏಟು ತಾಗಲ್ಲ. ಸಿಗೋದು ಮಕ್ ಒಂದೇ. ಅಗಾಥಾ ಹತ್ರ ಗೆಂಗಾರ್ ಎರಡು, ಹಾಂಟರ್, ಗೋಲ್‌ಬ್ಯಾಟ್, ಆರ್ಬಾಕ್. ಮೊದಲ ಮೂರಕ್ಕೆ ಲೆವಿಟೇಟ್, ಗೋಲ್‌ಬ್ಯಾಟ್‌ಗೆ ರೆಕ್ಕೆ. ನೆಲದ ಮೇಲಿರೋದು ಆರ್ಬಾಕ್ ಒಂದೇ. ಹಾಗಾಗಿ ಮೂರನೇ ಜಾಗಕ್ಕೆ ಸೈಕಿಕ್ ಬೇಕು, ಕಡಾಬ್ರಾ. ಟ್ರೇಡ್ ಇಲ್ಲದೆ ಅಲಕಜಾಮ್ ಆಗಲ್ಲ ಅಂತ ಬೇಜಾರು ಬೇಡ. ಕಡಾಬ್ರಾದ ಸ್ಪೆಷಲ್ ಅಟ್ಯಾಕ್ 120, ಸ್ಪೀಡ್ 105. ಆಟ ಮುಗಿಸೋಕೆ ಅಷ್ಟು ಸಾಕಾಗಿ ಮಿಗುತ್ತೆ.

ಪಾರ್ಸೆಲ್_ಹುಡುಗಿ
ಕಡಾಬ್ರಾದ ಮೊದಲ ರೂಪ ಆಬ್ರಾನ ಹಿಡಿಯೋದು ಹೇಗೆ ಅಂತಾನೂ ಹೇಳ್ಬಿಡಿ ಸಾರ್, ಹೊಸಬರು ಅಲ್ಲೇ ಒದ್ದಾಡೋದು.

ರೂಟ್ 24, 25ರ ಹುಲ್ಲಲ್ಲಿ ಸಿಗುತ್ತೆ. ಅದರ ಹತ್ರ ಇರೋದು ಟೆಲಿಪೋರ್ಟ್ ಒಂದೇ, ಮೊದಲ ಟರ್ನಲ್ಲೇ ಮಾಯ. ಏಟು ಕೊಟ್ಟು ಎಚ್‌ಪಿ ಇಳಿಸೋಕೆ ಹೋಗ್ಬೇಡಿ, ಕಂಡ ತಕ್ಷಣ ಬಾಲ್ ಎಸೀರಿ. ಹತ್ತು ಬಾಲ್ ಇಟ್ಕೊಂಡು ಹೋಗಿ. 16ರವರೆಗೆ ಅದಕ್ಕೆ ಹೊಡೆಯೋಕೆ ಬರಲ್ಲ, ಫೈಟಲ್ಲಿ ಮೊದಲು ನಿಲ್ಲಿಸಿ ನಿಡೋಕಿಂಗ್‌ಗೆ ಬದಲಾಯಿಸ್ತಾ ಹೋಗಬೇಕು. ಕಡಾಬ್ರಾ ಆದ ಕೂಡಲೇ ಕನ್‌ಫ್ಯೂಶನ್. ಸ್ಯಾಫ್ರನ್‌ನಲ್ಲಿ ಒಬ್ಬ ಟಿಎಂ 29, ಸೈಕಿಕ್ ಅನ್ನೋ ಮೂವ್, ಸುಮ್ನೆ ಕೊಡ್ತಾನೆ. ಎರಿಕಾ, ಕೋಗಾ, ಬ್ರೂನೋನ ಫೈಟರ್‌ಗಳು, ಅಗಾಥಾ ಎಲ್ಲ ಇದರ ಪಾಲು.

ಕುಡ್ಲದ_ಮ್ಯಾಜಿಕಾರ್ಪ್
ಆಬ್ರಾಗೆ 16ರವರೆಗೆ ಬದಲಾಯಿಸಬಹುದು, ಮ್ಯಾಜಿಕಾರ್ಪ್‌ಗೆ 20ರವರೆಗೆ ಬದಲಾಯಿಸಬಾರದು. ಇದ್ಯಾವ ನ್ಯಾಯ ಮಾರಾಯ್ರೆ?

ಲೆಕ್ಕದ_ಮೇಷ್ಟ್ರು
ಆಬ್ರಾ ಸಿಗೋ ಲೆವೆಲ್ಲೇ ಹತ್ತರ ಆಸುಪಾಸು. ಮ್ಯಾಜಿಕಾರ್ಪ್ 5. ಅದೂ ನಿಧಾನ ಬೆಳೆಯೋ ಗುಂಪು. ನ್ಯಾಯ ಇದೆ ಸ್ವಾಮಿ.

ಹುಬ್ಳಿ_ಟ್ರೇನರ್
ಕಡಾಬ್ರಾ ಡಿಫೆನ್ಸ್ 30 ಅನ್ನೂದು ಮರೀಬ್ಯಾಡ್ರಿ. ಈ ಆಟದಾಗ ಘೋಸ್ಟ್ ಟೈಪ್ ಫಿಸಿಕಲ್. ಅಗಾಥಾನ ಗೆಂಗಾರ್ ಶ್ಯಾಡೋ ಬಾಲ್ ಒಗದ್ರ ಒಂದss ಏಟಿಗೆ ಮಕ್ಕೊಂತೈತಿ. ಅಲ್ಲಿಗೆ ಸ್ನೋರ್ಲ್ಯಾಕ್ಸ್ ಬೇಕು. ನಾರ್ಮಲ್ ಟೈಪಿಗೆ ಘೋಸ್ಟ್ ಏಟು ತಾಗೂದಿಲ್ಲ. ಪೋಕೆ ಫ್ಲೂಟ್ ಸಿಕ್ಕ ಮ್ಯಾಲೆ ರೂಟ್ 12, ರೂಟ್ 16 ಎರಡೂ ಕಡೆ ಒಂದೊಂದು ಮಲಗಿರತೈತಿ, ಎರಡೂ ಲೆವೆಲ್ 30. ಎಬ್ಬಸೂಕಿಂತ ಮೊದಲ ಸೇವ್ ಮಾಡ್ರಿ. ಸ್ವಲ್ಪ ಲೆವೆಲ್ ಏರಿದ್ರ ಬಾಡಿ ಸ್ಲ್ಯಾಮ್, ಪವರ್ 85, ನೂರಕ್ಕ 30 ಸಲ ಎದುರಿನಾಂವ ಪ್ಯಾರಲೈಸ್. ಸ್ಟ್ರೆಂತ್ ವಿಕ್ಟರಿ ರೋಡಿಗೆ ಹೆಂಗೂ ಬೇಕು, ಅದನ್ನೂ ಇದಕ್ಕss ಕಲಿಸ್ರಿ, ನಾರ್ಮಲ್ ಮೂವ್ ಆದ್ದರಿಂದ ಒಂದೂವರೆ ಪಟ್ಟು ಬೀಳ್ತೈತಿ.

ಪಾರ್ಸೆಲ್_ಹುಡುಗಿ
ರೊಕ್ಕ ಇದ್ರೆ ಗೇಮ್ ಕಾರ್ನರ್‌ನಲ್ಲಿ 4500 ಕಾಯಿನ್‌ಗೆ ಶ್ಯಾಡೋ ಬಾಲ್ ಟಿಎಂ ತಗೊಂಡು ಸ್ನೋರ್ಲ್ಯಾಕ್ಸ್‌ಗೆ ಕೊಡಿ. ಅಟ್ಯಾಕ್ 110 ಇರೋದ್ರಿಂದ ಸಬ್ರಿನಾ, ಅಗಾಥಾ, ಲೊರೆಲೈಯ ಜಿಂಕ್ಸ್ ಎಲ್ಲ ತರಗೆಲೆ. 500 ಕಾಯಿನ್‌ಗೆ 10,000, ಅಂದ್ರೆ ಒಟ್ಟು 90,000 ಆಗುತ್ತೆ. 40 ಬಗೆ ಪೋಕೆಮಾನ್ ಹಿಡಿದಿದ್ದರೆ ರೂಟ್ 16ರಲ್ಲಿ ಓಕ್‌ರ ಸಹಾಯಕ ಅಮ್ಯುಲೆಟ್ ಕಾಯಿನ್ ಕೊಡ್ತಾನೆ, ಟ್ರೇನರ್ ಫೈಟ್ ದುಡ್ಡು ಡಬಲ್.

ಸುಮ್ನೆ_ನೋಡ್ತಿದ್ದೆ
ಸ್ಲಾಟ್ ಮಷಿನ್ ಆಡಿ ಕಾಯಿನ್ ಗೆಲ್ಲಿ, ಯಾಕೆ ಕೊಳ್ಳೋದು?

ಪಾರ್ಸೆಲ್_ಹುಡುಗಿ
ತಾಳ್ಮೆ ಇಲ್ಲದವರಿಗೆ ಸ್ಲಾಟ್ ಮಷಿನ್ ಹೇಳ್ತೀರಲ್ಲ, ನಿಮಗೇನು ದ್ವೇಷ ಇದೆಯಾ ಇವರ ಮೇಲೆ? 😂

ಕೆಂಪು_ಕ್ಯಾಟ್ರಿಜ್
ಐವಿಸಾರ್, ನಿಡೋಕಿಂಗ್, ಕಡಾಬ್ರಾ, ಸ್ನೋರ್ಲ್ಯಾಕ್ಸ್. ನಾಲ್ಕಾಯ್ತು. ಲೊರೆಲೈಗೆ ಎಲೆಕ್ಟ್ರಿಕ್, ಲ್ಯಾನ್ಸ್‌ಗೆ ಐಸ್ ಬೇಕಲ್ವಾ? ಸೆಲಡಾನ್‌ನಲ್ಲಿ ಈವಿ ಸಿಗುತ್ತಲ್ಲ, ಜೋಲ್ಟಿಯಾನ್ ಮಾಡ್ಲಾ? ಐಸ್‌ಗೆ ಲ್ಯಾಪ್ರಾಸ್?

ಲೆಕ್ಕದ_ಮೇಷ್ಟ್ರು
ಜೋಲ್ಟಿಯಾನ್ ಒಳ್ಳೇದೇ, ಆದರೆ ಒಂದು ಮೋಸ ಇದೆ. ಈವಿ ಕೈಗೆ ಬರೋದೇ 25ಕ್ಕೆ. ಜೋಲ್ಟಿಯಾನ್ ಥಂಡರ್‌ಶಾಕ್ ಕಲಿಯೋದು 16ಕ್ಕೆ. ನೀವು 2100 ಕೊಟ್ಟು ಥಂಡರ್ ಸ್ಟೋನ್ ತಂದು ತಿನ್ನಿಸೋ ಹೊತ್ತಿಗೆ ಆ ಬಸ್ ಹೋಗಿಬಿಟ್ಟಿರುತ್ತೆ. ಆಮೇಲೆ ತಾನಾಗಿ ಕಲಿಯೋ ಎಲೆಕ್ಟ್ರಿಕ್ ಅಟ್ಯಾಕ್ ಅಂದ್ರೆ ಥಂಡರ್, ಅದು 52ಕ್ಕೆ. ಹಾಗಾಗಿ ಸರ್ಜ್ ಕೊಟ್ಟ ಟಿಎಂ 34 ಶಾಕ್ ವೇವ್ ಇಟ್ಕೊಂಡಿದ್ರೆ ಮಾತ್ರ ಜೋಲ್ಟಿಯಾನ್. ಈ ಆಟದಲ್ಲಿ ಟಿಎಂ ಒಂದೇ ಸಲ. ಸಿಕ್ಕ ದಿನ ಖುಷಿಗೆ ಯಾರಿಗೋ ಕಲಿಸಿದ್ರೆ ಹೋಯ್ತು.

ಮೂನ್_ಸ್ಟೋನ್
ಶಾಕ್ ವೇವ್‌ನ ಜೋಲ್ಟಿಯಾನ್‌ಗೂ ಕೊಡಬೇಡಿ. ಕರೆಂಟ್ ಹಕ್ಕಿ ಝ್ಯಾಪ್ಡೋಸ್‌ಗೆ ಇಡಿ.

ಮೇಷ್ಟ್ರು ಮೇಲೆ ಹಾಕಿರೋ ಪಟ್ಟಿ ಪ್ರಕಾರ ನಿಧಾನ ಗುಂಪಿನವರಿಗೆ 50ಕ್ಕೆ 1,56,250 ಬೇಕು. ಝ್ಯಾಪ್ಡೋಸ್, ಐಸ್ ಹಕ್ಕಿ ಆರ್ಟಿಕುನೋ ಎರಡೂ ನಿಧಾನ ಗುಂಪೇ, ಆದರೆ ಸಿಗೋದೇ ಲೆವೆಲ್ 50ಕ್ಕೆ. ಆ ಎಕ್ಸ್‌ಪಿ ಪೂರ್ತಿ ಪುಕ್ಕಟೆ! ಬೇರೆಯವರ ಪಾಲಿನಿಂದ ಒಂದು ಪೈಸೆ ಕಿತ್ಕೊಳ್ಳಲ್ಲ. ಸರ್ಫ್ ಬಂದಮೇಲೆ ಪವರ್ ಪ್ಲಾಂಟ್‌ಗೆ ಹೋದರೆ ಝ್ಯಾಪ್ಡೋಸ್, ಸೀಫೋಮ್ ದ್ವೀಪಗಳಲ್ಲಿ ಸ್ಟ್ರೆಂತ್‌ನಿಂದ ಬಂಡೆ ತಳ್ಳಿ ನೀರಿನ ಸೆಳೆತ ನಿಲ್ಲಿಸಿದರೆ ಆರ್ಟಿಕುನೋ. ಝ್ಯಾಪ್ಡೋಸ್ ಬರೋವಾಗ ಥಂಡರ್ ವೇವ್, ಅಜಿಲಿಟಿ, ಡಿಟೆಕ್ಟ್, ಡ್ರಿಲ್ ಪೆಕ್ ಇರುತ್ತೆ, ಎಲೆಕ್ಟ್ರಿಕ್ ಅಟ್ಯಾಕ್ ಒಂದೂ ಇಲ್ಲ. ಶಾಕ್ ವೇವ್ ಇಡಿ ಅಂದಿದ್ದು ಅದಕ್ಕೇ. ಪವರ್ 60 ಆದರೂ ಸ್ಪೆಷಲ್ 125 ಇದೆ, ಯಾವತ್ತೂ ಮಿಸ್ ಆಗಲ್ಲ. ಗೇಮ್ ಕಾರ್ನರ್‌ನಲ್ಲಿ 80,000 ಖರ್ಚು ಮಾಡೋ ಶಕ್ತಿ ಇದ್ರೆ ಥಂಡರ್‌ಬೋಲ್ಟ್. ಆರ್ಟಿಕುನೋ ಐಸ್ ಬೀಮ್ ಜೊತೆಗೇ ಬರುತ್ತೆ. ಲ್ಯಾನ್ಸ್‌ನ ಡ್ರಾಗನೈಟ್‌ಗೆ ಐಸ್ ನಾಲ್ಕು ಪಟ್ಟು.

ಆಮೆ_ನಡಿಗೆ
ಇಲ್ಲೊಂದು ತಿದ್ದುಪಡಿ. ಲೊರೆಲೈ ಮುಂದೆ ಝ್ಯಾಪ್ಡೋಸ್‌ನ ಕಣ್ಮುಚ್ಚಿ ಬಿಡಬೇಡಿ. ಅದಕ್ಕೂ ರೆಕ್ಕೆ ಇದೆ, ಐಸ್ ಎರಡು ಪಟ್ಟು ಬೀಳುತ್ತೆ. ಡ್ಯೂಗಾಂಗ್, ಕ್ಲಾಯ್ಸ್ಟರ್, ಸ್ಲೋಬ್ರೋ ತನಕ ಓಕೆ. ಲ್ಯಾಪ್ರಾಸ್ 54, ಶಾಕ್ ವೇವ್ ಒಂದೇ ಏಟಿಗೆ ಬೀಳಲ್ಲ, ತಿರುಗಿ ಐಸ್ ಹಾಕುತ್ತೆ. ಜಿಂಕ್ಸ್, ಲ್ಯಾಪ್ರಾಸ್ ಎರಡನ್ನೂ ಸ್ನೋರ್ಲ್ಯಾಕ್ಸ್‌ಗೆ ಬಿಡಿ, ಸ್ಪೆಷಲ್ ಡಿಫೆನ್ಸ್ 110 ಇದೆ, ತಡ್ಕೊಳ್ಳುತ್ತೆ.

ಮತ್ತೆ ಎರಡು ಹಕ್ಕಿ ಬೇಕಾ ಅಂತ ಯೋಚಿಸಿ. ಹಿಡಿಯೋದು ಸುಲಭ ಅಲ್ಲ. ತಪ್ಪದೆ ಹಿಡಿಯೋ ಮಾಸ್ಟರ್ ಬಾಲ್ ಇರೋದು ಒಂದೇ. ಒಂದಕ್ಕೆ ಅದು, ಇನ್ನೊಂದಕ್ಕೆ ಸ್ಲೀಪ್ ಪೌಡರ್ ಹಾಕಿ ಅಲ್ಟ್ರಾ ಬಾಲ್ ಮಳೆ.

ಬಲ್ಬಸಾರ್_ಪಕ್ಷ
ಸ್ಲೀಪ್ ಪೌಡರ್ ಇರೋದು ಯಾರ ಹತ್ರ ಅಂತ ಮತ್ತೊಮ್ಮೆ ಹೇಳಿ ಸಾರ್, ಸರಿಯಾಗಿ ಕೇಳಿಸಲಿಲ್ಲ.

ಆಮೆ_ನಡಿಗೆ
🙏

ರೂಟ್_ಹನ್ನೊಂದು
ಕಟ್, ಫ್ಲೈ ಯಾರಿಗೆ? ಎಚ್‌ಎಂ ಮೂವ್ (ಕಟ್, ಫ್ಲೈ, ಸರ್ಫ್ ಥರ ದಾರಿಗೆ ಬೇಕಾಗೋವು) ಕಲಿಸಿದ್ರೆ ಮರೆಸೋಕೆ ಫ್ಯೂಶಿಯಾಗೆ ಹೋಗಬೇಕು, ಮೂವ್ ಡಿಲೀಟರ್ ಇರೋದು ಅಲ್ಲೇ. ಐವಿಸಾರ್‌ಗೆ ಕಟ್ ತುರುಕಿದ್ರೆ ಒಂದು ಜಾಗ ದಂಡ.

ಪಾರ್ಸೆಲ್_ಹುಡುಗಿ
ಬಾತುಕೋಳಿ ಪೋಕೆಮಾನ್ ಫಾರ್‌ಫೆಚ್ಡ್! ವರ್ಮಿಲಿಯನ್‌ನ ಒಂದು ಮನೇಲಿ ಸ್ಪಿಯರೋ ಕೊಟ್ಟರೆ ಬದಲಿಗೆ ಕೊಡ್ತಾರೆ. ಆಟದೊಳಗಿನ ಟ್ರೇಡ್, ಇನ್ನೊಂದು ಗೇಮ್‌ಬಾಯ್ ಬೇಡ. ಕಟ್, ಫ್ಲೈ ಎರಡೂ ಕಲಿಯುತ್ತೆ. ಕೂಲಿಗೆ ಇದೊಂದೇ ಸಾಕು. ಫ್ಲೈ ರೂಟ್ 16ರ ಮನೇಲಿ, ಸರ್ಫ್ ಸಫಾರಿ ಝೋನ್‌ನಲ್ಲಿ, ಸ್ಟ್ರೆಂತ್ ಫ್ಯೂಶಿಯಾದ ವಾರ್ಡನ್‌ಗೆ ಚಿನ್ನದ ಹಲ್ಲು ಕೊಟ್ಟರೆ. ಫ್ಲ್ಯಾಶ್ ಇಲ್ಲದೇನೂ ರಾಕ್ ಟನೆಲ್ ದಾಟಬಹುದು, ಗೋಡೆ ತಡವಿಕೊಂಡು. ವಾಟರ್‌ಫಾಲ್, ರಾಕ್ ಸ್ಮ್ಯಾಶ್ ಚಾಂಪಿಯನ್ ತನಕ ಬೇಕಾಗೋದೇ ಇಲ್ಲ.

ಇಂಡಿಗೋ ಪ್ಲಾಟೋದಲ್ಲಿ ಪಿಸಿ ಇದೆ, ಅಲ್ಲಿ ಬಾತುಕೋಳಿನ ಇಳಿಸಿ ಆರ್ಟಿಕುನೋ ಹತ್ತಿಸಿ.

ಸುಮ್ನೆ_ನೋಡ್ತಿದ್ದೆ
ಜೂಬ್ಯಾಟ್‌ನ ಕ್ರೋಬ್ಯಾಟ್ ಮಾಡಿದ್ರೆ? ಸ್ಪೀಡ್ 130.

ಲೆಕ್ಕದ_ಮೇಷ್ಟ್ರು
ಆಗಲ್ಲ. ನ್ಯಾಶನಲ್ ಡೆಕ್ಸ್ (ಎಲ್ಲ ಪೋಕೆಮಾನ್‌ಗಳ ಪಟ್ಟಿ) ಸಿಗೋ ತನಕ ಈ ಆಟ ಮೊದಲ 151 ಬಿಟ್ಟು ಬೇರೆ ಯಾವುದಕ್ಕೂ ಬೆಳೆಯೋಕೆ ಬಿಡಲ್ಲ. ಮಧ್ಯದ ರೂಪ ಗೋಲ್‌ಬ್ಯಾಟ್ ಮಿನುಗಲು ಶುರು ಮಾಡಿ ಮಧ್ಯದಲ್ಲೇ ನಿಂತುಬಿಡುತ್ತೆ. ನ್ಯಾಶನಲ್ ಡೆಕ್ಸ್ ಸಿಗೋದು ಚಾಂಪಿಯನ್ ಆದಮೇಲೆ, ಅದೂ 60 ಬಗೆ ಹಿಡಿದಿದ್ದರೆ.

ಕುಡ್ಲದ_ಮ್ಯಾಜಿಕಾರ್ಪ್
ವಿಷಯ ಬಿಟ್ಟು ಒಂದು ಪ್ರಶ್ನೆ. ಹಳೇ ಕ್ಯಾಟ್ರಿಜ್ ಅಲ್ವಾ, ಒಳಗಿನ ಬ್ಯಾಟರಿ ಸತ್ತರೆ ಸೇವ್ ಹೋಗ್ತದಾ?

ರೂಟ್_ಹನ್ನೊಂದು
ಫೈರ್‌ರೆಡ್, ಲೀಫ್‌ಗ್ರೀನ್ ಒಳಗೆ ಬ್ಯಾಟರಿನೇ ಇಲ್ಲ, ಸೇವ್ ಫ್ಲ್ಯಾಶ್ ಮೆಮೊರಿಯಲ್ಲಿರುತ್ತೆ. ಬ್ಯಾಟರಿ ಸತ್ತು ಸೇವ್ ಹೋಗೋದು ಹಳೇ ಗೇಮ್‌ಬಾಯ್‌ನ ರೆಡ್, ಬ್ಲೂ, ಗೋಲ್ಡ್, ಸಿಲ್ವರ್‌ನಲ್ಲಿ. ರೂಬಿ, ಸಫೈರ್, ಎಮರಾಲ್ಡ್‌ನಲ್ಲಿ ಬ್ಯಾಟರಿ ಇದೆ, ಆದರೆ ಅದು ಗಡಿಯಾರಕ್ಕೆ ಮಾತ್ರ.

ಕುಡ್ಲದ_ಮ್ಯಾಜಿಕಾರ್ಪ್
ಗಡಿಯಾರ ಇಲ್ಲದ್ದಕ್ಕೇ ಇದರಲ್ಲಿ ಈವಿ ಎಸ್ಪಿಯಾನ್, ಅಂಬ್ರಿಯಾನ್ ಆಗುದಿಲ್ಲ ಅಲ್ವಾ? ಈಗ ಗೊತ್ತಾಯ್ತು.

ಕೆಂಪು_ಕ್ಯಾಟ್ರಿಜ್
ಸರಿ, ಫೈನಲ್: ಬಲ್ಬಸಾರ್, ನಿಡೋಕಿಂಗ್ (ಡಿಗ್, ಸರ್ಫ್), ಕಡಾಬ್ರಾ, ಸ್ನೋರ್ಲ್ಯಾಕ್ಸ್ (ಸ್ಟ್ರೆಂತ್), ಝ್ಯಾಪ್ಡೋಸ್ (ಶಾಕ್ ವೇವ್), ಫಾರ್‌ಫೆಚ್ಡ್. ಕೊನೆಗೆ ಬಾತುಕೋಳಿ ಜಾಗಕ್ಕೆ ಆರ್ಟಿಕುನೋ. ಫಾರ್‌ಫೆಚ್ಡ್‌ನ ಫೈಟಿಗೂ ಬಳಸ್ಲಾ? ಟ್ರೇಡ್ ಪೋಕೆಮಾನ್‌ಗೆ ಎಕ್ಸ್‌ಪಿ ಒಂದೂವರೆ ಪಟ್ಟು ಅಂತ ಓದಿದೆ.

ಹುಬ್ಳಿ_ಟ್ರೇನರ್
ಬ್ಯಾಡ್ರಿ. ಮಿಸ್ಟಿ ಕೊಡೂ ಕ್ಯಾಸ್ಕೇಡ್ ಬ್ಯಾಡ್ಜ್ ಇದ್ರ 30ರ ಮಟ, ಎರಿಕಾನ ರೇನ್‌ಬೋ ಇದ್ರ 50ರ ಮಟ ಮಾತ್ರ ಮಾತು ಕೇಳ್ತೈತಿ. ಅದರಾಚೆ ಹೋದ್ರ ಫೈಟ್ ನಡುವss ನಿದ್ದಿ ಹೊಡೀತೈತಿ. ಅದನ್ನ ಗಿಡ ಕಡ್ಯಾಕ ಬಿಡ್ರಿ.

ಬಲ್ಬಸಾರ್_ಪಕ್ಷ
ಬಲ್ಬಸಾರ್ ಗೆದ್ದಿತು. ಥ್ರೆಡ್ ಲಾಕ್ ಮಾಡಬಹುದು.

ಆಮೆ_ನಡಿಗೆ
ಬ್ಲೇನ್ ಜಿಮ್ ಮುಗಿಸಿ ಬಂದು ಮಾತಾಡ್ಲಿ ಅವರು.